ಕೊಂಬು ಬಿಟ್ಟ ಮೇಷ್ಟ್ರು

ತಿಪ್ಪೇರುದ್ರ ನಿಲ್ಲುವ ಮನುಷ್ಯನಲ್ಲ. ಬೇಕಾದ ಹೊತ್ತಿಗೆ ಬೇಕಾದ ಜಾಗದಲ್ಲಿ ಅವನು ಇರುವುದಿಲ್ಲ. ಅವನನ್ನು ಕೆಟ್ಟವನು ಎನ್ನುವುದು ಕಷ್ಟ; ಕೆಟ್ಟವನಾಗುವುದಕ್ಕೂ ಒಂದು ಕಡೆ ಕಾಲೂರಬೇಕಾಗುತ್ತದೆ. ಅವನಿಂದ ಅಷ್ಟೂ ಆಗಲಿಲ್ಲ.

ಹುಟ್ಟಿದ್ದು ಜಗಳೂರು ತಾಲ್ಲೂಕಿನ ಸೊಕ್ಕೆಯಲ್ಲಿ. ಕೆಲಸ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರು. ವಯಸ್ಸು ಐವತ್ಮೂರು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ನಾಲ್ಕು ತಾಲ್ಲೂಕು ಸುತ್ತಿದ್ದ, ಮತ್ತು ಬಿಟ್ಟುಬಂದ ಮೂರು ಕಡೆಯಿಂದಲೂ ಅವನು ಹೊರಟದ್ದು ಒಂದೇ ರೀತಿಯಲ್ಲಿ. ಮೊದಲು ಚನ್ನಗಿರಿ ತಾಲ್ಲೂಕಿನ ನಲ್ಲೂರು. ಅಲ್ಲಿ ಶಾಲೆಯ ಹೊಸ ಕೋಣೆ ಎಲ್ಲಿ ಕಟ್ಟಬೇಕೆಂದು ಊರು ಎರಡಾಯಿತು. ಎರಡೂ ಕಡೆಯವರು ನಂಬಿದ್ದ ಒಬ್ಬನೇ ಮನುಷ್ಯ ತಿಪ್ಪೇರುದ್ರ. ಸಭೆಯ ದಿನ ಅವನು ರಜೆ ಹಾಕಿದ. ಮರುವರ್ಷ ಹೊನ್ನಾಳಿಗೆ ವರ್ಗ ಮಾಡಿಸಿಕೊಂಡ. ಹೊನ್ನಾಳಿಯಲ್ಲಿ ಪ್ರವೀಣ್ ಕುಮಾರ್ ಎಂಬ ಗಣಿತದ ಮೇಷ್ಟ್ರ ಮೇಲೆ ಹುಡುಗನಿಗೆ ಹೊಡೆದರೆಂಬ ದೂರು ಬಂತು. ಹೊಡೆದಿಲ್ಲವೆಂಬುದನ್ನು ಕಣ್ಣಾರೆ ಕಂಡವನು ತಿಪ್ಪೇರುದ್ರ. ಸಾಕ್ಷಿ ಹೇಳುವ ದಿನ ಅವನಿಗೆ ಜ್ವರ. ಜ್ವರ ನಿಜವೇ ಆಗಿತ್ತು, ಅದೂ ಅವನ ದೇಹದ ಒಂದು ಸೌಕರ್ಯ. ಪ್ರವೀಣ್ ಕುಮಾರ್ ಶಿಕ್ಷೆ ಅನುಭವಿಸಿದ, ತಿಪ್ಪೇರುದ್ರ ನ್ಯಾಮತಿಗೆ ಹೋದ. ನ್ಯಾಮತಿಯಲ್ಲಿ ಮುಖ್ಯೋಪಾಧ್ಯಾಯರು ನಿವೃತ್ತರಾಗಿ, ಹಿರಿಯನಾದ ಇವನೇ ಪ್ರಭಾರ ವಹಿಸಿಕೊಳ್ಳಬೇಕೆಂದಾಗ, ವಹಿಸಿಕೊಳ್ಳುವ ಮೊದಲೇ ಜಗಳೂರಿನ ಒಂದು ಶಾಲೆಗೆ ಬಂದುಬಿಟ್ಟ.

ಹೆಂಡತಿ ಅಂತರಘಟ್ಟಮ್ಮ ಅವನ ಹಿಂದೆ ಅಲೆಯಲಿಲ್ಲ. ನಲ್ಲೂರಿನಲ್ಲಿ ಬಸ್ ನಿಲ್ಲುವ ಕಡೆ ಆಕೆಯದೊಂದು ಪುಟ್ಟ ಅಂಗಡಿ: ನೋಟ್‌ಬುಕ್ಕು, ಪೆನ್ನು, ಬಳೆ, ರವಿಕೆಯ ಬಟ್ಟೆ. ಹೊನ್ನಾಳಿಗೆ ಸಾಮಾನು ಕಟ್ಟುವಾಗ ಆಕೆ ಹೇಳಿದ್ದು ಒಂದೇ ಮಾತು: "ನೀವು ಎಲ್ಲಾರ ಒಂದ್ ಕಡಿಗೆ ನಿಂತ ಮ್ಯಾಲೆ ಹೇಳಿ ಕಳಿಸ್ರಿ, ಬತ್ತೀನಿ." ಅವನು ಹೇಳಿ ಕಳಿಸಲಿಲ್ಲ. ಹದಿನೈದು ದಿನಕ್ಕೊಮ್ಮೆ ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ನಲ್ಲೂರಿಗೆ ಹೋಗುತ್ತಿದ್ದ, ಭಾನುವಾರ ಸಂಜೆ ಹೊರಡುತ್ತಿದ್ದ. ಮಕ್ಕಳಿಲ್ಲದ ಮನೆಯಲ್ಲಿ ಆಕೆಗೆ ಅವನು ನೆಂಟನಂತೆ ಅಭ್ಯಾಸವಾಗಿದ್ದ. ಈಗ ಮೊಣಕಾಲು ನೋವು ಶುರುವಾದ ಮೇಲೆ, ಅಂಗಡಿಯ ಬಾಗಿಲು ಎತ್ತುವವರು ಯಾರಾದರೂ ಬೇಕಿತ್ತು. ಅದನ್ನೂ ಆಕೆ ಬಾಯಿಬಿಟ್ಟು ಕೇಳಿರಲಿಲ್ಲ. ಅವನೇ ಈ ಸಲ ನಲ್ಲೂರಿನ ಕಡೆಗೆ ವರ್ಗ ಕೇಳಿ ಅರ್ಜಿ ಹಾಕಿದ್ದ.

ಶಾಲೆಯಲ್ಲಿ ಅವನಿಗೆ ಮಕ್ಕಳು ಇಟ್ಟ ಹೆಸರು ಷಟಲ್ ಸಾರ್. ಪಾಠ ಮಾಡುವಾಗ ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡುತ್ತಿದ್ದ. ಊಟದ ಡಬ್ಬಿಯನ್ನು ನಿಂತೇ ಮುಗಿಸುತ್ತಿದ್ದ. ಬಾಡಿಗೆ ಕೋಣೆಯ ಗೋಡೆಗೆ ಒಂದು ಮೊಳೆಯನ್ನೂ ಹೊಡೆದವನಲ್ಲ.

ಇಂಥವನಿಗೆ ಬಿಡದೆ ಅಂಟಿಕೊಂಡಿದ್ದ ಚಾಳಿ ಒಂದೇ. ಪದಗಳ ಹುಟ್ಟು. ಯಾವ ಇಂಗ್ಲಿಷ್ ಪದವನ್ನೂ ಅರ್ಥ ಹೇಳಿ ಮುಗಿಸುತ್ತಿರಲಿಲ್ಲ; ಅದು ಎಲ್ಲಿಂದ ಹೊರಟಿತು, ಯಾವ ಊರಿನಲ್ಲಿ ಇಳಿಯಿತು, ಎಲ್ಲಿ ವೇಷ ಬದಲಿಸಿತು ಎಂದು ಹೇಳದೆ ಅವನಿಗೆ ಸಮಾಧಾನವಿಲ್ಲ. 'ಮಸಲ್' ಎಂಬ ಪದದೊಳಗೆ ಲ್ಯಾಟಿನ್ನಿನ ಒಂದು ಪುಟ್ಟ ಇಲಿ ಕೂತಿದೆ ಎಂದು ಅವನು ಹೇಳಿದ ದಿನದಿಂದ ದೈಹಿಕ ಶಿಕ್ಷಣದ ಓಂಕಾರ್ ಸಿಬ್ಬಂದಿ ಕೊಠಡಿಗೆ ಬರುವಾಗಲೆಲ್ಲ ತೋಳು ಮಡಚಿ ತೋರಿಸುತ್ತಿದ್ದ. "ನೋಡ್ರಿ ಸಾರ್, ನಿಮ್ಮ ಇಲಿ ಹೆಂಗೆ ಓಡಾಡ್ತೈತೆ. ಬೆಕ್ಕು ಗಿಕ್ಕು ಬಿಟ್ಟೀರಿ ಮತ್ತೆ." ತಿಪ್ಪೇರುದ್ರನಿಗೆ ಅದರಿಂದ ಬೇಸರವಾಗುತ್ತಿರಲಿಲ್ಲ. ಇಷ್ಟೊಂದು ಅಲೆದರೂ ಮೂಲ ಮರೆಯದಿರುವುದು ಪದಗಳಿಗೆ ಸಾಧ್ಯವಾಗಿದೆಯಲ್ಲ ಎಂದು ಅವನಿಗೆ ಒಳಗೊಳಗೇ ಅಸೂಯೆಯಿತ್ತು.

ಆ ವರ್ಷ ಅವನ ನಿದ್ದೆ ಕೆಡಿಸಿದ ಪದ 'ರೆಸ್ಟಿವ್'. ಅಪರೂಪದ ವಿಶೇಷಣ. ಇಂಗ್ಲಿಷ್ ಪತ್ರಿಕೆಯ ಸುದ್ದಿಯೊಂದರಲ್ಲಿ ಬಂದಿತ್ತು: ಕಾದು ಕಾದು ಜನ ರೆಸ್ಟಿವ್ ಆದರು ಎಂದು. ತುಣುಕನ್ನು ಕತ್ತರಿಸಿ ಹತ್ತನೆಯ ತರಗತಿಗೆ ಒಯ್ದ.

"ಇದರ ಅರ್ಥ ಏನು?"

"ರೆಸ್ಟ್ ತಗಳೋದು ಸಾರ್," ಹಿಂದಿನ ಬೆಂಚು ಕೂಗಿತು.

"ಅಲ್ಲ. ಆರಾಮಿನ ರೆಸ್ಟ್ ಬೇರೆ ಮನೆತನದ ಪದ. ಇದು ಲ್ಯಾಟಿನ್ನಿನ 'ರೆಸ್ತಾರೆ'ಯಿಂದ ಬಂದದ್ದು. ಹಿಂದೆ ಉಳಿ, ನಿಂತುಬಿಡು ಅಂತ. ನಮ್ಮ ಪೊಲೀಸರ ಅರೆಸ್ಟ್ ಐತಲ್ಲ, ಅದು ಇದರ ಅಣ್ಣತಮ್ಮ. ಹಳೇ ಫ್ರೆಂಚಿನಲ್ಲಿ ಇದು 'ರೆಸ್ತಿಫ್' ಆಯಿತು. ಇಂಗ್ಲಿಷಿಗೆ ಬಂದ ಮೇಲೆ ಕುದುರೆಗೆ ಅಂಟಿಕೊಂಡಿತು. ಎಷ್ಟು ಹೊಡೆದರೂ ಮುಂದೆ ಹೋಗದೆ ನಿಂತುಬಿಡುವ ಕುದುರೆ ರೆಸ್ಟಿವ್ ಕುದುರೆ."

"ಹಂಗಾದ್ರೆ ಪೇಪರ್‌ನಾಗೆ ಜನ ನಿಂತ್ಬಿಟ್ರಾ ಸಾರ್?"

"ಇಲ್ಲ. ಈಗ ಅದರ ಅರ್ಥ ನಿಲ್ಲಲಾರದೆ ಚಡಪಡಿಸೋದು."

ತರಗತಿ ನಕ್ಕಿತು. ಮುಂದಿನ ಸಾಲಿನ ನುಜಹತ್ ನಗಲಿಲ್ಲ. "ಸಾರ್, ನಿಂತಿದ್ದು ಹೆಂಗೆ ಚಡಪಡಿಸ್ತು? ನಡುವೆ ಏನಾಯ್ತು?"

ತಿಪ್ಪೇರುದ್ರ ಕಿಟಕಿಯ ಹತ್ತಿರ ತಡೆದ. ನಿಘಂಟು ಹೇಳಿದ್ದು ಇಷ್ಟೆ: ಮೊದಲು ಆ ಅರ್ಥ, ಆಮೇಲೆ ಈ ಅರ್ಥ. ನಡುವಿನ ದಾರಿ ಅವನಿಗೆ ಗೊತ್ತಿರಲಿಲ್ಲ.

"ನಮ್ಮಪ್ಪನ್ನ ಕೇಳ್ರಿ ಸಾರ್," ಎಂದಳು ನುಜಹತ್. "ಕುದುರೆ ಗೊತ್ತಿಲ್ಲ. ಎತ್ತು ಗೊತ್ತೈತೆ."

ನುಜಹತ್‌ಳ ತಂದೆ ನಿಯಾಜ್ ಅಹಮದ್ ಎತ್ತುಗಳಿಗೆ ಲಾಳ ಹೊಡೆಯುವವನು. ಟ್ರ್ಯಾಕ್ಟರ್ ಬಂದ ಮೇಲೆ ಅವನ ಕೆಲಸ ಕಾಲುಭಾಗಕ್ಕೆ ಇಳಿದಿತ್ತು. ಆದರೂ ವಾರಕ್ಕೊಂದು ದಿನ ಮುಚ್ಚಿಹೋದ ಎಣ್ಣೆ ಗಿರಣಿಯ ಗೋಡೆಯ ಪಕ್ಕ ಹಗ್ಗ, ಸುತ್ತಿಗೆ, ಉಳಿ ಹರಡಿಕೊಂಡು ಕೂರುತ್ತಿದ್ದ. ಗಿರಣಿ ಶಾಲೆಯಿಂದ ಐದು ನಿಮಿಷದ ದಾರಿ. ತಿಪ್ಪೇರುದ್ರ ಅತಿಥಿ ಶಿಕ್ಷಕಿ ಸಂಘಮಿತ್ರಾಳನ್ನು ಜೊತೆಗೆ ಕರೆದ. ಇಪ್ಪತ್ತೆಂಟು ವರ್ಷದ ಹುಡುಗಿ, ಸಮಾಜ ವಿಜ್ಞಾನ ಕಲಿಸುತ್ತಿದ್ದಳು. ಅತಿಥಿ ಶಿಕ್ಷಕರ ಕೆಲಸವೆಂದರೆ ವರ್ಷ ವರ್ಷ ಹೊಸದಾಗಿ ಸಿಗಬೇಕಾದದ್ದು. ತೆಗೆಯಲು ಒಂದು ಚೀಟಿ ಸಾಕು. ಮನೆಯಲ್ಲಿ ತಾಯಿ ಮೂಕಮ್ಮ, ಮಗಳು ಇಬ್ಬರೇ; ದುಡಿಯುವವಳು ಮಗಳೊಬ್ಬಳೇ.

ಮಕ್ಕಳನ್ನು ಹೊರಗೆ ಕರೆದೊಯ್ಯುವಾಗ ಕಚೇರಿಯ ಚಲನವಲನ ಪುಸ್ತಕದಲ್ಲಿ ಬರೆಯಬೇಕು: ಯಾರು, ಎಲ್ಲಿಗೆ, ಏಕೆ. ತಿಪ್ಪೇರುದ್ರ ಅದಾಗಲೇ ಗೇಟಿನ ಹತ್ತಿರ ಹೋಗಿದ್ದ. "ನೀವೇ ಬರೆದ್ಬಿಡ್ರಿ ಮೇಡಂ," ಎಂದು ಅಲ್ಲಿಂದಲೇ ಕೂಗಿದ. ಅವಳು ತನ್ನ ಹೆಸರು ಬರೆದು ಸಹಿ ಹಾಕಿದಳು.

ಗಿರಣಿಯ ಹತ್ತಿರ ಸೊಕ್ಕೆಯ ಚಿಕ್ಕಹನುಮಂತಪ್ಪ ಎತ್ತು ಹಿಡಿದು ನಿಂತಿದ್ದ. ಎಪ್ಪತ್ತು ದಾಟಿದ ಮುದುಕ, ತಿಪ್ಪೇರುದ್ರನ ತಂದೆಯ ಜೊತೆಗಾರ.

"ಏನಲೇ ತಿಪ್ಪೇರುದ್ರ, ದಂಡು ಕಟ್ಕಂಡು ಬಂದೀಯ! ಎಲ್ರಿಗೂ ಲಾಳ ಹೊಡಿಸ್ತೀಯೇನು?"

"ಮೊದಲು ನಮ್ಮ ಸಾರ್‌ಗೆ ಹೊಡೀರಿ ತಾತ, ನಡೆದು ನಡೆದು ಸವೆದೈತೆ," ಎಂದಿತು ಗುಂಪಿನೊಳಗಿನ ಒಂದು ದನಿ. ಸಂಘಮಿತ್ರಾ ತುಟಿ ಕಚ್ಚಿ ನಗು ನುಂಗಿದಳು.

ತಿಪ್ಪೇರುದ್ರ ನಿಯಾಜನಿಗೆ ಪ್ರಶ್ನೆ ಹೇಳಿದ. ಮುಂದೆ ಹೋಗದೆ ನಿಂತುಬಿಡುವ ಎತ್ತಿಗೂ, ನಿಂತಲ್ಲಿ ನಿಲ್ಲದ ಎತ್ತಿಗೂ ಏನು ಸಂಬಂಧ?

ನಿಯಾಜ್ ಬಾಯಿಯಲ್ಲಿದ್ದ ಮೊಳೆಗಳನ್ನು ಅಂಗೈಗೆ ಉಗುಳಿಕೊಂಡ. "ಎರಡು ಎತ್ತು ಎಲ್ಲಿಂದ ತಂದ್ರಿ ಸಾರ್? ಎರಡೂ ಒಂದೇ. ಬರ್ರಿ ಇಲ್ಲಿ. ಮಕ್ಕಳೇ, ಒಬ್ಬೊಬ್ರೇ ಬಂದು ಇದರ ತೊಡೆ ಮ್ಯಾಲೆ ಕೈ ಇಡ್ರಿ."

ಎತ್ತು ಕಲ್ಲಿನಂತೆ ನಿಂತಿತ್ತು. ಕೈ ಇಟ್ಟವರೆಲ್ಲ ಕೈ ಹಿಂದಕ್ಕೆ ಎಳೆದುಕೊಂಡರು. ಚರ್ಮದ ಕೆಳಗೆ ತೊಡೆ ಸಣ್ಣಗೆ, ಬಿಡದೆ, ಓಡುವ ಮೋಟಾರಿನಂತೆ ನಡುಗುತ್ತಿತ್ತು.

"ಹೆದರಿದ ಎತ್ತು ಮುಂದಕ್ಕೆ ಹೋಗಲ್ಲ. ಹೊಡೆದ್ರೂ ಹೋಗಲ್ಲ. ನೋಡಾಕೆ ನಿಂತೈತೆ. ಒಳಗೆ ಓಡ್ತಾ ಐತೆ. ಇನ್ನೊಂದೇಟು ಹಾಕ್ರಿ, ಹಿಂದಕ್ಕೆ ಸರೀತದೆ, ಅಡ್ಡಡ್ಡ ಕುಣೀತದೆ, ಮುಂದಕ್ಕೆ ಮಾತ್ರ ಇಲ್ಲ. ನಿಂತಿದ್ದೇ ಕುಣಿಯೋದು ಸಾರ್. ನಡುವೆ ಏನೂ ಇಲ್ಲ."

ತಿಪ್ಪೇರುದ್ರನ ಕಣ್ಣು ಅರಳಿತು. ಮಧ್ಯದ ದಾರಿ ಅದೇ. ಮುಂದೆ ಹೋಗಲೊಲ್ಲದ ಕುದುರೆ ಹಿಂದೆ ಸರಿದು ಅಡ್ಡಾಡುವುದನ್ನು ಕಂಡ ಜನ ಆ ಅಡ್ಡಾಟಕ್ಕೇ ನಿಲ್ಲುವಿಕೆಯ ಹೆಸರು ಇಟ್ಟಿರಬೇಕು. ಜೇಬಿನಿಂದ ಚೀಟಿ ತೆಗೆದು ಅಲ್ಲೇ ಬರೆದುಕೊಂಡ. ಅವನ ಜೀವನದ ಕೆಲವೇ ಪೂರ್ಣ ಸಂತೋಷಗಳಲ್ಲಿ ಅದೊಂದು. ಮೂರು ನಿಮಿಷ ಇತ್ತು.

ಲಾಳ ಹೊಡೆಯುವುದನ್ನೂ ನೋಡಿ ಹೋಗೋಣವೆಂದು ಮಕ್ಕಳು ಹಟ ಹಿಡಿದರು. ನಿಯಾಜ್ ಎತ್ತಿನ ಕಾಲುಗಳಿಗೆ ಹಗ್ಗ ಸುತ್ತಿ ಉಪಾಯದಿಂದ ಪಕ್ಕಕ್ಕೆ ಕೆಡವಿದ. ನಾಲ್ಕೂ ಕಾಲು ಕೂಡಿಸಿ ಕಟ್ಟಿದ. ಸೀಳು ಗೊರಸು, ಕಾಲಿಗೆ ಎರಡರಂತೆ ಎಂಟು ಲಾಳ. ಆ ಹೊತ್ತಿಡೀ ಒಬ್ಬರು ಎತ್ತಿನ ಕೊಂಬು ಹಿಡಿದು ನೆಲಕ್ಕೆ ಒತ್ತಿಕೊಂಡಿರಬೇಕು. ತಲೆ ಎತ್ತಲು ಆಗದ ಎತ್ತು ಒದೆಯಲಾರದು. ಎಂದಿನ ಸಹಾಯಕ ಬಂದಿರಲಿಲ್ಲ. ಚಿಕ್ಕಹನುಮಂತಪ್ಪನ ಕೈಯಲ್ಲಿ ಶಕ್ತಿಯಿರಲಿಲ್ಲ.

"ನಾನು ಹಿಡೀತೀನಿ," ಎಂದ ತಿಪ್ಪೇರುದ್ರ. ಪದ ಸಿಕ್ಕ ಹುಮ್ಮಸ್ಸು.

"ನಿಮ್ಮಪ್ಪ ಹಿಡಿದ ಎತ್ತು ಉಸಿರೂ ಬಿಡ್ತಿರಲಿಲ್ಲ ಬಿಡು," ಎಂದ ಮುದುಕ. "ನೀನು ಹೆಂಗೋ ಏನೋ."

ನಿಯಾಜನದೊಂದು ಕ್ರಮವಿತ್ತು. ಒಂದೊಂದು ಲಾಳಕ್ಕೂ ಮೊದಲು ತಲೆ ಎತ್ತದೆ ಕೇಳುತ್ತಿದ್ದ: "ಐತಾ?" ಕೊಂಬು ಹಿಡಿದವರು "ಐತೆ" ಎನ್ನಬೇಕು. ಆಮೇಲೆಯೇ ಸುತ್ತಿಗೆ. ಎಂಟು ಮುಗಿಯುವವರೆಗೆ ಏಳುವಂತಿಲ್ಲ. ಎದ್ದರೆ ಮೊದಲೇ ಹೇಳಿ, ಇನ್ನೊಬ್ಬರ ಕೈ ಕೊಂಬಿನ ಮೇಲೆ ಬಂದ ಮೇಲೆ ಏಳಬೇಕು. ನಲವತ್ತು ವರ್ಷ ನಿಯಾಜನ ಕೈ ಉಳಿದದ್ದು ಆ ಎರಡಕ್ಷರದ ಮೇಲೆ.

"ಐತಾ?" "ಐತೆ." ನಾಲ್ಕು ಲಾಳ ಮುಗಿಯಿತು.

"ಐತಾ?" "ಐತೆ." ಐದನೆಯದರ ಮೊಳೆ ಅರ್ಧ ಇಳಿದಿತ್ತು. ತಿಪ್ಪೇರುದ್ರನ ಜೇಬಿನಲ್ಲಿ ಫೋನ್ ಗುಂಯ್‌ಗುಟ್ಟಿತು. ಒಂದು ಕೈಯಲ್ಲಿ ತೆಗೆದ. ಓಂಕಾರ್. ಅವನು ಸ್ವಂತ ಕೆಲಸಕ್ಕೆ ದಾವಣಗೆರೆಗೆ ಹೋಗಿದ್ದ. "ಸಾರ್, ವರ್ಗಾವಣೆ ಪಟ್ಟಿ ಹಾಕ್ಯಾರೆ! ನಿಮ್ಮ ನಲ್ಲೂರಿನ ಪಕ್ಕದ ಶಾಲೆ..." ದನಿ ಕತ್ತರಿಸಿತು. ಗಿರಣಿಯ ಗೋಡೆಯ ಬದಿಗೆ ಸಿಗ್ನಲ್ ಇರಲಿಲ್ಲ.

ತಿಪ್ಪೇರುದ್ರ ಎದ್ದು ನಾಲ್ಕು ಹೆಜ್ಜೆ ರಸ್ತೆಯ ಕಡೆಗೆ ನಡೆದ.

ಅವನು ಯೋಚಿಸಿ ಎದ್ದದ್ದಲ್ಲ. ಅದೇ ಅವನ ದೋಷ. ಏಳುವುದಕ್ಕೆ ಅವನಿಗೆ ಎಂದೂ ಯೋಚನೆ ಬೇಕಾಗಿರಲಿಲ್ಲ. ಎತ್ತು ತಲೆ ಎತ್ತಿ ಮೈ ಕೊಡವಿತು, ಕಟ್ಟಿದ ಕಾಲುಗಳು ಒಟ್ಟಾಗಿ ಸಿಡಿದವು. ಅರ್ಧ ಇಳಿದ ಮೊಳೆ ನಿಯಾಜನ ಎಡ ಅಂಗೈಯನ್ನು ಹೆಬ್ಬೆರಳ ಬುಡದಿಂದ ಮಣಿಕಟ್ಟಿನ ತನಕ ಸೀಳಿತು. ಸಂಘಮಿತ್ರಾ ಎತ್ತಿನ ಕೊರಳ ಮೇಲೆ ಬಿದ್ದು ಎರಡೂ ಕೊಂಬು ಹಿಡಿದಳು. ಬಿಡಲಿಲ್ಲ. ಚಿಕ್ಕಹನುಮಂತಪ್ಪ ಹಗ್ಗ ಕೊಯ್ಯುವ ತನಕ ಅವಳು ಅಲ್ಲೇ ಇದ್ದಳು. ಮಕ್ಕಳಿಗೆ ಏನೂ ಆಗಲಿಲ್ಲ.

ಬೀದಿಯಲ್ಲಿ ಹೋಗುತ್ತಿದ್ದ ಯಾರೋ ಫೋನ್ ಹಿಡಿದರು. ಆ ವಿಡಿಯೊ ಶುರುವಾಗುವುದು ಕಿರುಚಾಟದಿಂದ: ಎತ್ತಿನ ಕೊರಳ ಮೇಲೆ ಸೀರೆಯುಟ್ಟ ಮೇಡಂ, ನೆಲದ ಮೇಲೆ ರಕ್ತ, ಸುತ್ತ ಸಮವಸ್ತ್ರದ ಮಕ್ಕಳು. ಸಂಜೆಯೊಳಗೆ ಅದು ತಾಲ್ಲೂಕಿನ ಎಲ್ಲ ವಾಟ್ಸಾಪ್ ಗುಂಪುಗಳನ್ನೂ ಸುತ್ತಿತು. 'ಪಾಠ ಬಿಟ್ಟು ಎತ್ತು ಹಿಡಿಸುವ ಶಿಕ್ಷಕಿ' ಎಂದು ಯಾರೋ ತಲೆಬರಹ ಕೊಟ್ಟರು. ಮೂರನೆಯ ದಿನ ಸಂಘಮಿತ್ರಾಳಿಗೆ ನೋಟಿಸು ಬಂತು. ಅನುಮತಿಯಿಲ್ಲದೆ ಮಕ್ಕಳನ್ನು ಅಪಾಯಕ್ಕೆ ಒಡ್ಡಿದ್ದಕ್ಕೆ ಮಂಗಳವಾರ ಹನ್ನೊಂದು ಗಂಟೆಗೆ ಇಲಾಖೆಯ ಅಧಿಕಾರಿಯ ಮುಂದೆ ಉತ್ತರ ಕೊಡಬೇಕು. ಉತ್ತರ ಸರಿಹೋಗದಿದ್ದರೆ ಅವತ್ತೇ ಕೆಲಸದಿಂದ ಬಿಡುಗಡೆ.

ನಲ್ಲೂರಿನ ಪಕ್ಕದ ಶಾಲೆಯ ಜಾಗಕ್ಕೆ ದಾವಣಗೆರೆಯಲ್ಲಿ ಕೌನ್ಸೆಲಿಂಗ್ ಕೂಡ ಮಂಗಳವಾರವೇ, ಬೆಳಗ್ಗೆ ಹತ್ತು ಗಂಟೆಯಿಂದ.

ಮುಖ್ಯೋಪಾಧ್ಯಾಯ ವೆಂಕಟೇಶ್ ತಿಪ್ಪೇರುದ್ರನನ್ನು ಕೋಣೆಗೆ ಕರೆದರು.

"ಆವತ್ತು ನೀವೂ ಹೋಗಿದ್ರಂತೆ?"

"ಸ್ವಲ್ಪ ಹೊತ್ತು ಇದ್ದೆ ಸಾರ್."

ವೆಂಕಟೇಶ್ ಚಲನವಲನ ಪುಸ್ತಕ ತೆರೆದು, ಮುಚ್ಚಿದರು. "ಇದರಾಗೆ ನಿಮ್ಮ ಹೆಸರಿಲ್ಲ. ವಿಡಿಯೊದಾಗೂ ಇಲ್ಲ. ನಿಮ್ಮದು ವರ್ಗಾವಣೆ ಟೈಮು. ಸುಮ್ನೆ ಇದ್ಬಿಡ್ರಿ. ಅತಿಥಿ ಶಿಕ್ಷಕಿಗೆ ಮುಂದಿನ ವರ್ಷ ಇನ್ನೊಂದು ಶಾಲೆ ಸಿಕ್ತದೆ."

ಸಿಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಹೊರಗೆ ಜಗಲಿಯಲ್ಲಿ ಸಂಘಮಿತ್ರಾ ಎದುರಾದಳು. ಮೊಣಕೈಯಲ್ಲಿ ತರಚಿದ ಗಾಯ ಇನ್ನೂ ಕೆಂಪಗಿತ್ತು.

"ನಾನು ಯಾರ ಹೆಸರೂ ಹೇಳಾಕೆ ಹೋಗಲ್ಲ ಸಾರ್," ಎಂದಳು. "ಕರುಣೆ ಅಂತ ತಿಳ್ಕಬ್ಯಾಡ್ರಿ. ಪುಸ್ತಕದಾಗೆ ನನ್ನ ಸಹಿ ಐತೆ. ನಾನು ಹೇಳಿದ್ರೆ ತಪ್ಪಿಸ್ಕಳಾಕೆ ಹೇಳ್ತಾಳೆ ಅಂತಾರೆ. ನೀವು ಹೇಳಿದ್ರೆ ನಂಬ್ತಾರೆ."

"ನೋಡಾನ ಮೇಡಂ."

"ಏನು ನೋಡ್ತೀರಿ ಸಾರ್? ಎಲ್ಲಾ ನೋಡಿದ್ದಾತಲ್ಲ."

ಆಮೇಲಿನ ನಾಲ್ಕು ದಿನ ಅವನು ಕೂತದ್ದನ್ನು ಯಾರೂ ಕಾಣಲಿಲ್ಲ. ಬಸ್ ನಿಲ್ದಾಣಕ್ಕೆ ಹೋಗಿ ಯಾವ ಬಸ್ಸನ್ನೂ ಹತ್ತದೆ ಬಂದ. ಸೊಕ್ಕೆಯ ರಸ್ತೆಯಲ್ಲಿ ಮೂರು ಮೈಲಿ ನಡೆದು ತಿರುಗಿದ. ಮೆಕ್ಕೆಜೋಳದ ಹೊಲಗಳ ನಡುವೆ ನಿಂತು, ಹೇಳಬೇಕಾದ ಮಾತನ್ನು ಜೋಡಿಸಿದ. ಜೋಡಿಸಿದಾಗಲೆಲ್ಲ ಅದರಲ್ಲಿ ಎತ್ತೇ ಕರ್ತೃವಾಗಿ, ತಾನು ಎಲ್ಲಿಯೂ ಇಲ್ಲದೆ ಹೋದ. ರೆಸ್ಟಿವ್ ಪದದ ಬಗ್ಗೆ ಬರೆದುಕೊಂಡ ಚೀಟಿಯನ್ನು ನೋಟ್‌ಬುಕ್ಕಿಗೆ ಇಳಿಸಲು ತೆಗೆದ. ನಿಯಾಜನ ಮಾತಿನ ಅರ್ಧಕ್ಕೆ ಪೆನ್ನು ನಿಂತಿತು. ಮೊದಲ ಬಾರಿಗೆ ಒಂದು ಪದದ ಹುಟ್ಟು ಗೊತ್ತಿದ್ದೂ ಅವನಿಗೆ ಬರೆಯಲಾಗಲಿಲ್ಲ.

ಭಾನುವಾರ ನಿಯಾಜನ ಮನೆಗೆ ಹೋದ. ನಿಯಾಜ್ ಮಂಚದ ಮೇಲೆ ಕೂತು ಬಲಗೈಯಲ್ಲಿ ಚಹಾ ಕುಡಿಯುತ್ತಿದ್ದ. ಎಡಗೈ ಬಿಳಿಯ ಗಂಟು.

"ಎಷ್ಟು ಹೊಲಿಗೆ?"

"ಹನ್ನೊಂದು. ಹೆಬ್ಬೆರಳು ಮಡಚಾಕೆ ಬರ್ತೈತೋ ಇಲ್ವೋ ತಿಂಗಳ ಮ್ಯಾಲೆ ಗೊತ್ತಾಗ್ತದಂತೆ. ಕೂತ್ಕಳ್ರಿ."

ತಿಪ್ಪೇರುದ್ರ ನಿಂತೇ ಇದ್ದ. "ನಿಮ್ಮನ್ನ ಏನಾದ್ರೂ ಕೇಳಿದ್ರಾ?"

"ಕೇಳಿದ್ರು. ಎತ್ತು ಒದೀತು ಅಂದೆ. ಸುಳ್ಳಲ್ವಲ್ಲ." ನಿಯಾಜ್ ಲೋಟ ಕೆಳಗಿಟ್ಟ. "ಕೊಂಬು ಬಿಟ್ಟೋರು ನಂಗೆ ಹೊಸಬ್ರಲ್ಲ ಸಾರ್. ಇದು ಐದ್ನೇ ಸಲ. ಬಿಟ್ಟೋರು ಬಂದು ನಾನು ಬಿಟ್ಟೆ ಅಂದಿದ್ದು ಒಂದ್ಸಲಾನೂ ಇಲ್ಲ. ಎತ್ತು ಕಿತ್ಕಂತು ಅಂತಾರೆ. ಎಲ್ರೂ ಅದೇ ಮಾತು, ಒಂದಕ್ಷರ ಆಚೀಚೆ ಇಲ್ಲ."

ತಿಪ್ಪೇರುದ್ರ ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡು ಬಂದಿದ್ದ ಮಾತು ಸರಿಯಾಗಿ ಅದೇ ಆಗಿತ್ತು. ಅದನ್ನು ಆಡದೆ ಹೊರಟ. ಬಾಗಿಲಲ್ಲಿ ನುಜಹತ್ ನಿಂತಿದ್ದಳು. ಅವಳು ದಾರಿ ಬಿಟ್ಟಳು, ನಮಸ್ಕಾರ ಮಾಡಲಿಲ್ಲ.

ಮಂಗಳವಾರ ಬೆಳಗ್ಗೆ ಅವನು ದಾವಣಗೆರೆಯ ಬಸ್ಸನ್ನೇ ಹತ್ತಿದ.

ಕೌನ್ಸೆಲಿಂಗ್ ನಡೆಯುತ್ತಿದ್ದ ಸಭಾಂಗಣದಲ್ಲಿ ನೂರೈವತ್ತು ಜನ. ಗೋಡೆಯ ಪರದೆಯ ಮೇಲೆ ಖಾಲಿ ಜಾಗಗಳ ಹೆಸರು. ನಲ್ಲೂರಿನ ಪಕ್ಕದ ಶಾಲೆ ಇನ್ನೂ ಅಲ್ಲೇ ಇತ್ತು. ತಿಪ್ಪೇರುದ್ರನ ಟೋಕನ್ ಹದಿನೇಳು. ಅವನ ಮುಂದಿರುವವರಲ್ಲಿ ಚನ್ನಗಿರಿ ಕಡೆಯವರು ಯಾರೂ ಇಲ್ಲವೆಂದು ವಿಚಾರಿಸಿಕೊಂಡ. ಜಾಗ ಅವನದೇ. ಹತ್ತೂವರೆಗೆ ಫೋನ್ ಬಂತು. ಅಂತರಘಟ್ಟಮ್ಮ.

"ಮುಟ್ಟಿದ್ರಾ?"

"ಹ್ಞೂಂ. ಸಿಗ್ತದೆ ಅನ್ಸುತ್ತೆ."

"ಆತು ಬಿಡ್ರಿ." ಅಂಗಡಿಯ ಮುಂದೆ ಬಸ್ಸು ಹೋದ ಸದ್ದು ಕೇಳಿಸಿತು. "ನಿನ್ನೆ ಅಂಗಡಿಗೆ ಬಂದೋರು ಒಂದು ವಿಡಿಯೊ ತೋರಿಸಿದ್ರು. ನಿಮ್ಮ ಸಾಲೀದಂತೆ. ಒಬ್ಬಾಕೆ ಎತ್ತಿನ ಮ್ಯಾಲೆ ಬಿದ್ದಾಳೆ."

"ಹ್ಞೂಂ."

"ಆಗ ನೀವೆಲ್ಲಿದ್ರಿ?"

"ಅಲ್ಲೇ ಇದ್ದೆ."

"ಕಾಣಲಿಲ್ಲ," ಎಂದಳು ಅಂತರಘಟ್ಟಮ್ಮ. ದೂರಿದಂತೆ ಇರಲಿಲ್ಲ. ಅಂಗಡಿಯ ಸಾಮಾನು ಖಾಲಿಯಾಗಿದೆ ಎನ್ನುವಷ್ಟೇ ಸಹಜವಾಗಿ ಹೇಳಿ ಫೋನ್ ಇಟ್ಟಳು.

ಅವನು ಸಭಾಂಗಣದ ಉದ್ದಕ್ಕೂ ನಡೆದ. ನೀರಿನ ಡ್ರಮ್ಮಿನ ತನಕ, ಮತ್ತೆ ಬಾಗಿಲ ತನಕ. ಕೂತವರು ಕಾಲು ಎಳೆದುಕೊಂಡು ದಾರಿ ಕೊಟ್ಟರು. "ಕುಂದ್ರಿ ಸಾರ್, ನೋಡಿ ನೋಡಿ ನಮ್ಗೆ ತಲೆ ತಿರುಗ್ತೈತೆ," ಎಂದರು ಒಬ್ಬರು ಮೇಡಂ. ಹನ್ನೊಂದು ಬಾರಿಸಿತು. ಜಗಳೂರಿನಲ್ಲಿ ಈಗ ಅಧಿಕಾರಿ ಬಂದಿರುತ್ತಾರೆ. ವೆಂಕಟೇಶ್ ಪುಸ್ತಕ ತೆರೆದು ಮುಂದಿಟ್ಟಿರುತ್ತಾರೆ. ಸಂಘಮಿತ್ರಾ ಎದ್ದು ನಿಂತಿರುತ್ತಾಳೆ.

"ಟೋಕನ್ ಹದಿನೇಳು."

ಮೇಜಿನ ಹಿಂದಿನ ಗುಮಾಸ್ತ ವಿನಯ್ ಕುಮಾರ್ ಒಂದು ಫಾರಂ ಸರಿಸಿದ. ಶಾಲೆಯ ಹೆಸರು ಆಗಲೇ ಅಚ್ಚಾಗಿತ್ತು. ಕೆಳಗೆ ಘೋಷಣೆ: ಕರ್ತವ್ಯಲೋಪದ ಯಾವುದೇ ಪ್ರಕರಣ ನನ್ನ ಮೇಲೆ ಇರುವುದಿಲ್ಲ. ಅದರ ಕೆಳಗೆ ಸಹಿಗೆ ಗೆರೆ.

"ಇಲ್ಲೊಂದು ಸೈನು ಸಾರ್, ಆತು. ಆರ್ಡರ್ ಕೈಗೇ ಕೊಡ್ತೀನಿ."

ತಿಪ್ಪೇರುದ್ರ ಪೆನ್ನು ತೆಗೆದ. ಘೋಷಣೆಯನ್ನು ಓದಿದ. ಮತ್ತೆ ಓದಿದ.

"ಏನು ಓದ್ತೀರಿ, ಎಲ್ರೂ ಹಾಕೋದೇ. ನಿಮ್ಮ ಮ್ಯಾಲೆ ಏನೂ ಇಲ್ಲ. ಕಂಪ್ಯೂಟರಿನಾಗೆ ಕ್ಲಿಯರ್ ತೋರಿಸ್ತಾ ಐತೆ."

"ತೋರಿಸ್ತೈತೆ," ಎಂದ ತಿಪ್ಪೇರುದ್ರ. "ಒಂದು ಬಿಳೇ ಹಾಳೆ ಕೊಡ್ರಿ."

"ಹಾಳೆ ಯಾಕ್ರೀ? ಹಿಂದೆ ಜನ ಅದಾರೆ."

"ಕೊಡ್ರಿ."

ವಿನಯ್ ಕುಮಾರ್ ಪ್ರಿಂಟರಿನಿಂದ ಒಂದು ಹಾಳೆ ಎಳೆದುಕೊಟ್ಟ. ತಿಪ್ಪೇರುದ್ರ ಕುರ್ಚಿ ಎಳೆದುಕೊಂಡು ಕೂತ. ದಿನಾಂಕ ಹಾಕಿದ. ಮಕ್ಕಳನ್ನು ಕರೆದುಕೊಂಡು ಹೋದದ್ದು ನಾನು, ಪುಸ್ತಕದಲ್ಲಿ ಬರೆಯಲು ಹೇಳಿದ್ದು ನಾನು, ಕೊಂಬು ಹಿಡಿದಿದ್ದು ನಾನು, ಹೇಳದೆ ಬಿಟ್ಟದ್ದೂ ನಾನೇ ಎಂದು ನಾಲ್ಕು ಸಾಲು ಬರೆದ. ಎತ್ತಿನ ಮೇಲೆ ಏನನ್ನೂ ಹೊರಿಸಲಿಲ್ಲ. ಸಹಿ ಹಾಕಿದ. ಹಿಂದಿನ ಸಾಲಿನಲ್ಲಿ ಗೊಣಗಾಟ ಎದ್ದಿತು. "ಏ ಸಾರ್, ಬೇಗ ಏಳ್ರಿ, ಕಾದಂಬರಿ ಬರೀತೀರೇನು?" ಅವನು ಹಾಳೆಯ ಫೋಟೊ ತೆಗೆದು ವೆಂಕಟೇಶರಿಗೆ ಕಳಿಸಿ, ಫೋನನ್ನು ಮೇಜಿನ ಮೇಲಿಟ್ಟು, ಅದು ಅಲ್ಲಿ ತಲುಪಿತೆಂದು ಕಾಣುವ ತನಕ ನೋಡುತ್ತ ಕೂತ. ಹನ್ನೊಂದು ಇಪ್ಪತ್ತೆರಡು.

ಪರದೆಯ ಮೇಲೆ ನ್ಯಾಮತಿಯ ಒಂದು ಹೆಸರು ಅಳಿಸಿಹೋಯಿತು. ನಲ್ಲೂರಿನದು ಇನ್ನೂ ಇತ್ತು.

ವಿನಯ್ ಕುಮಾರ್ ಹಾಳೆಯನ್ನು ತಲೆಕೆಳಗಾಗಿಯೇ ಓದಿ ದನಿ ತಗ್ಗಿಸಿದ. "ಸಾರ್, ಇದನ್ನ ನಂಗೆ ಕೊಡಬ್ಯಾಡ್ರಿ. ಕೊಟ್ರೆ ಫಾರಂ ಜೊತೆ ಒಳಗೆ ಹೋಗ್ತದೆ. ಆಮ್ಯಾಲೆ ಈ ಜಾಗ ತಡೆ ಹಿಡೀತಾರೆ, ನಿಮಗೆ ಸಿಗೋದಿಲ್ಲ. ಜೇಬಿನಾಗೆ ಇಟ್ಕಳ್ರಿ. ನಾನು ನೋಡಿಲ್ಲ."

ತಿಪ್ಪೇರುದ್ರ ಹಾಳೆಯನ್ನು ಫಾರಮಿನ ಕೆಳಗೆ ಅಂಚು ಸರಿಯಾಗಿ ಕೂಡಿಸಿದ.

"ಪಿನ್ನು ಐತೇನ್ರಿ?" ಎಂದು ಕೇಳಿದ.